ಉಂಗುರ ಬಿಡುವ ಶಾಸ್ತ್ರ

ದಾವಣಗೆರೆ
ಒಲೆತಿಂಗಳ ಅಮಾವಾಸ್ಯೆ, ೨೧೬೩

ಚಿ. ಶಿಲ್ಪಶ್ರೀಗೆ ಆಶೀರ್ವಾದಗಳು, ನನ್ನ ಅಜ್ಜಿಯ ಅಜ್ಜಿಗೆ ಶರಣು.

ಎರಡನ್ನೂ ಒಬ್ಬಳಿಗೇ ಬರೆದಿದ್ದೇನೆ, ಗಾಬರಿಯಾಗಬೇಡ. ನಿನಗೀಗ ಇಪ್ಪತ್ತೈದು, ನನಗೆ ಐವತ್ತು ದಾಟಿದೆ. ಆದರೂ ನೀನೇ ನನಗೆ ಅಜ್ಜಿ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ಒಲೆತಿಂಗಳು ಎಂದರೆ ಮೇ ಆದ ಮೇಲೆ ನಾವು ಸೇರಿಸಿಕೊಂಡಿರುವ ಹದಿಮೂರನೆಯ ತಿಂಗಳು. ಆಗ ಹಗಲು ಯಾರೂ ಹೊರಗೆ ಕಾಲಿಡುವುದಿಲ್ಲ, ಮದುವೆಗಳು ನೆಲದಡಿಯ ಛತ್ರಗಳಲ್ಲಿ ನಡೆಯುತ್ತವೆ. ಈ ಕಾಗದ ಹಿನ್ನೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಓಲೆ. ತಲುಪಿತೋ ಇಲ್ಲವೋ ಕಳಿಸಿದವರಿಗೆ ತಿಳಿಯುವುದಿಲ್ಲ. ಅಂಚೆಯವರನ್ನು ಬೈಯುವ ಸುಖವೂ ಇಲ್ಲ.

ನಮ್ಮಲ್ಲಿ ಸ್ನಾನವೆಂದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದು. ಆದರೂ ಮದುವೆಯ ದಿನ ಒಂದು ಕೊಪ್ಪರಿಗೆ ನೀರಿಗೆ ಊರು ಒಪ್ಪಿಗೆ ಕೊಡುತ್ತದೆ, ಉಂಗುರ ಹುಡುಕುವ ಶಾಸ್ತ್ರಕ್ಕಾಗಿ. ನಿಮ್ಮಲ್ಲೂ ಇದೆಯಲ್ಲ, ನೀರಿಗೆ ಉಂಗುರ ಹಾಕಿ ವಧೂವರರು ಕೈಯಾಡಿಸಿ ಹುಡುಕುವ ಆಟ? ನಮ್ಮ ಮನೆತನದಲ್ಲಿ ಅದು ಆಟವಲ್ಲ. ಉಂಗುರ ಹುಡುಗಿಯ ಕೈಗೆ ಸಿಕ್ಕಿದರೆ ಅವಳು ಸದ್ದಿಲ್ಲದೆ ಬಿಟ್ಟುಬಿಡಬೇಕು. "ಉಂಗುರ ಬಿಟ್ಟೋಳ್ನ ಗಂಡ ಬಿಡಲ್ಲ" ಅಂತ ಗಾದೆಯೇ ಇದೆ. ನನ್ನ ಅಜ್ಜಿ ಬಿಟ್ಟಳು, ಅವ್ವ ಬಿಟ್ಟಳು, ನಾನೂ ಬಿಟ್ಟೆ. ಅಪ್ಪನಿಗಿಂತ ಚೆನ್ನಾಗಿ ಹಾಡುತ್ತಿದ್ದ ಅವ್ವ ಆಮೇಲೆ ಹಾಡುವುದನ್ನೂ ಬಿಟ್ಟಳು. ಇದೆಲ್ಲ ಅನಾದಿಕಾಲದಿಂದ ಬಂದದ್ದೆಂದು ನಾವು ನಂಬಿದ್ದೆವು.

ಹೋದ ತಿಂಗಳು ನೆರಳುಮನೆಗೆ ಹೋಗಿದ್ದೆ. ನಿಮ್ಮ ಕಾಲದ ಟಿವಿ ಚಿತ್ರಗಳನ್ನು ಕಾಪಿಟ್ಟು ತೋರಿಸುವ ಜಾಗವದು. ಮಗಳ ಮದುವೆಗೆ ಮೊದಲು ಹಿರಿಯರ ಮುಖವನ್ನೊಮ್ಮೆ ನೋಡೋಣವೆನ್ನುವ ಆಸೆ. ಸಿಕ್ಕಿದ್ದು 'ಜೋಡಿಮನೆ' ಎಂಬ, ಹುಡುಗನೊಬ್ಬ ಹೆಂಡತಿಯನ್ನು ಆರಿಸಿಕೊಳ್ಳುವ ರಿಯಾಲಿಟಿ ಶೋ. ಅದರಲ್ಲಿ ನೀನಿದ್ದೆ. ಜೋರಾಗಿ ನಕ್ಕದ್ದಕ್ಕೆ ನಿನಗೆ ಅಂಕ ಕಳೆದಿದ್ದರು. ಹುಡುಗನ ಮನಸ್ಸು ಗೆಲ್ಲುವುದು ಹೇಗೆಂದು ಕಲಿಸುವ ಕೋಚ್ ಮೇಡಂ ನಿನ್ನ ಹೆಗಲ ಮೇಲೆ ಕೈಯಿಟ್ಟು, "ನೋಡಮ್ಮಾ, ಗೆಲ್ಲೋ ಹುಡುಗೀಗೆ ಹುಡುಗ್ರು ಚಪ್ಪಾಳೆ ತಟ್ತಾರೆ, ಮನೆಗೆ ಕರ್ಕೊಂಡ್ ಹೋಗಲ್ಲ. ಉಂಗುರ ಸಿಕ್ರೆ ಬಿಟ್ಬಿಡು. ಅವನು ನಿನ್ನ ಬಿಡಲ್ಲ" ಎಂದರು. ಕೊಪ್ಪರಿಗೆ ಗಾಜಿನದು. ಉಂಗುರ ನಿನ್ನ ಬೆರಳಿಗೆ ಸಿಕ್ಕಿತು. ನೀನು ಮೇಡಂ ಕಡೆ ನೋಡಿದೆ, ಆಮೇಲೆ ಬೆರಳು ಸಡಿಲಿಸಿದೆ. ಉಂಗುರ ಹುಡುಗನಿಗೆ ಸಿಕ್ಕಿತು, ಅವನು ನಿನ್ನನ್ನೇ ಆರಿಸಿದ, ಅಲ್ಲಿದ್ದವರೆಲ್ಲ ಕುಣಿದಾಡಿದರು. ನನಗೆ ಅಳು ತಡೆಯಲಾಗಲಿಲ್ಲ. ಎರಡು ಜಾಹೀರಾತುಗಳ ನಡುವೆ ಯಾರೋ ಹೇಳಿದ ಮಾತನ್ನು ನಾವು ಇಷ್ಟು ತಲೆಮಾರು ಅರಿಸಿನ ಕುಂಕುಮ ಹಚ್ಚಿ ಪೂಜಿಸಿದ್ದೇವೆ.

ನನ್ನ ಮಗಳು ಹೂವಿ ಊರಿಗೆ ನೀರು ಹಂಚುವ ಮೇಲ್ವಿಚಾರಕಿಯಾಗಿ ಆಯ್ಕೆಯಾಗಿದ್ದಾಳೆ. ಅವಳನ್ನು ಮದುವೆಯಾಗುವ ಹುಡುಗನೂ ಅದೇ ಕೆಲಸಕ್ಕೆ ಅರ್ಜಿ ಹಾಕಿದ್ದ, ಅವನಿಗೆ ಸಿಗಲಿಲ್ಲ. ಈಗ ಇವಳು ಆ ಕೆಲಸವೇ ಬೇಡ ಎನ್ನುತ್ತಿದ್ದಾಳೆ. ಪಾಪ, ಬಿಡು ಎಂದು ಅವನೇನೂ ಕೇಳಿಲ್ಲ. ನೆರಳುಮನೆಯಲ್ಲಿ ಕಂಡದ್ದನ್ನು ಅವಳಿಗೆ ಹೇಳಿದೆ. "ಎಲ್ಲಿಂದ ಬಂದ್ರೇನವ್ವಾ, ಶಾಸ್ತ್ರ ಶಾಸ್ತ್ರಾನೇ. ಆ ಅಜ್ಜಿ ಸಂಸಾರ ಏನ್ ಮುಳುಗೋಯ್ತಾ?" ಎಂದಳು.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಆ ಶೂಟಿಂಗ್ ನಿನಗಿನ್ನೂ ನಾಳೆ ಇದೆ. ಉಂಗುರ ಸಿಕ್ಕರೆ ಬಿಡಬೇಡ ತಾಯಿ. ಮೇಲೆತ್ತಿ ತೋರಿಸು, ಬಾಯ್ತುಂಬ ನಗು. ಅವನು ನಿನ್ನನ್ನು ಆರಿಸದಿರಬಹುದು. ಆಗ ನಾನೂ ಇಲ್ಲ, ನನ್ನ ಹೂವಿಯೂ ಇಲ್ಲ. ಹೆತ್ತವಳು ಇದನ್ನು ಬರೆಯಬಾರದು. ಆದರೂ ಬರೆದೆ. ಪಕ್ಕದ ಕೋಣೆಯಲ್ಲಿ ಅವಳು ತನ್ನ ಪಾಲಿನ ಕುಡಿಯುವ ನೀರನ್ನು ಬೋಗುಣಿಗೆ ಸುರಿದುಕೊಂಡು ಅಭ್ಯಾಸ ಮಾಡುತ್ತಿದ್ದಾಳೆ. ಉಂಗುರ ತಳಕ್ಕೆ ಬೀಳುವುದು ಇಲ್ಲಿಗೆ ಕೇಳಿಸುತ್ತಿದೆ. ಸದ್ದಾಗದ ಹಾಗೆ ಬಿಡುವುದು ಅವಳಿಗಿನ್ನೂ ಬಂದಿಲ್ಲ.

ನಿನ್ನ ಮೊಮ್ಮಗಳ ಮೊಮ್ಮಗಳು,
ದುಗ್ಗವ್ವ