ಹಗುರಾಗಬೇಡ, ಅಮ್ಮ

ಭಾನುವಾರ, ಜೂನ್ ಹದಿನಾಲ್ಕು

ಅಮ್ಮಾ,

ಸಿಟ್ಟಿನಲ್ಲಿ ಬರೆಯುವ ಪತ್ರಕ್ಕೆ ಯಾವ ಒಕ್ಕಣೆ ಸರಿಯೋ ನನಗೆ ತಿಳಿಯದು. ಅದಕ್ಕೇ ಬರೀ ಅಮ್ಮಾ ಎಂದು ಶುರುಮಾಡಿದ್ದೇನೆ. ಉಳಿದದ್ದನ್ನು ನೀನೇ ಸೇರಿಸಿಕೊಂಡು ಓದು.

ನಿನ್ನ ವಾರ್ಡಿನ ದೊಡ್ಡ ನರ್ಸ್ ಶುಕ್ರವಾರ ಫೋನ್ ಮಾಡಿದ್ದರು. ನಾನು ಟಿಕೆಟ್ ಕಿಟಕಿಯಲ್ಲಿದ್ದೆ. ಸಾಲಿನಲ್ಲಿದ್ದವರು ಗೊಣಗಿದರೂ ತೆಗೆದುಕೊಂಡೆ. ನಿನ್ನ ಆರೈಕೆ ಕೇಂದ್ರದ ಫೋನ್ ಎಂದರೆ ಬಿಡುವಂತಿಲ್ಲ. ನೀನು ಕೆಲವು ತಿಂಗಳಿಂದ ನಿನ್ನ ಪಾಲಿನ ಮೊಟ್ಟೆ, ಬೇಳೆ, ಹಾಲನ್ನು ಪಕ್ಕದ ಮಂಚದ ಅಜ್ಜಿಗೆ ದಾಟಿಸುತ್ತಿದ್ದೀಯಂತೆ. "ಆ ಅಜ್ಜಿ ನೋಡಿದ್ರೆ ಚೆಂಡಿನ ಹಾಗೆ ಆಗ್ತಿದ್ದಾರೆ, ನಿಮ್ಮಮ್ಮ ಕಡ್ಡಿ ಆಗ್ತಿದ್ದಾರೆ. ಯಾಕಮ್ಮ ಅಂತ ಕೇಳಿದ್ರೆ, ನನ್ನ ಮಗಳು ನನ್ನನ್ನ ಎತ್ತಬೇಕಲ್ಲ, ಸ್ವಲ್ಪ ಹಗುರಾಗ್ತಿದ್ದೀನಿ ಅಂತಾರೆ" ಎಂದರು.

ಮೊದಲು ನಕ್ಕುಬಿಟ್ಟೆ. ಆಮೇಲೆ ಕಿಟಕಿಗೆ ಬೋರ್ಡು ತಗುಲಿಸಿ ಹಿಂದಿನ ಮೆಟ್ಟಿಲ ಮೇಲೆ ಹೋಗಿ ಕೂತೆ. ಏಳಲು ಮನಸ್ಸಾಗಲಿಲ್ಲ.

ಈ ಯೋಚನೆ ನಿನ್ನ ತಲೆಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಕಾಲು ಸೋತ ನಿನ್ನನ್ನು ನನ್ನ ಕೋಣೆಗೆ ಕರೆದುಕೊಂಡು ಹೋಗುತ್ತೇನೆಂದು ನಾನು ಹಟ ಹಿಡಿದ ದಿನ, ಮೇಲ್ವಿಚಾರಕಿ ಅಲ್ಲಿಯ ನಿಯಮ ಹೇಳಿದರು: ನೋಡಿಕೊಳ್ಳುವವರು ಒಬ್ಬರೇ, ಮೂರನೆಯವರ ಸಹಾಯವಿಲ್ಲದೆ, ರೋಗಿಯನ್ನು ಮಂಚದಿಂದ ಕುರ್ಚಿಗೆ ದಾಟಿಸಿ ತೋರಿಸಬೇಕು. ಆಗದಿದ್ದರೆ ಕಳಿಸುವಂತಿಲ್ಲ. ಎಲ್ಲರೆದುರು ನಿನ್ನ ಕಂಕುಳಿಗೆ ಕೈ ಹಾಕಿದೆ. ನೀನು ಅರ್ಧ ಎದ್ದೆ, ನನ್ನ ಮೊಣಕಾಲು ಕುಸಿಯಿತು, ಇಬ್ಬರೂ ಮಂಚದ ಮೇಲೇ ಬಿದ್ದೆವು. ಅಣ್ಣ ಬಾಗಿಲಿಗೆ ಒರಗಿ ನಿಂತಿದ್ದವನು, "ಅಮ್ಮನ್ನ ಎತ್ತೋಕೆ ಕ್ರೇನೇ ತರಿಸ್ಬೇಕು ಕಣೇ ಕರಪತ್ರ" ಎಂದ. ಎಲ್ಲರೂ ನಕ್ಕರು. ನೀನೂ ನಕ್ಕೆ. ಆ ನಗುವನ್ನು ನಾನು ಅವತ್ತೇ ಸರಿಯಾಗಿ ನೋಡಬೇಕಿತ್ತು.

ಕುಸಿದದ್ದು ನಿನ್ನ ಭಾರಕ್ಕಲ್ಲಮ್ಮ, ನನ್ನ ಭಾರಕ್ಕೆ. ಇಡೀ ದಿನ ಆ ಗೂಡಿನಲ್ಲಿ ಕೂತು, ಬಿಸ್ಕತ್ತು ಬನ್ನು ತಿಂದು, ಸೊಂಟದ ಸುತ್ತ ಕೊಬ್ಬು, ತೊಡೆಯಲ್ಲಿ ಬಲವಿಲ್ಲ. ಮೊಣಕಾಲು ನನ್ನನ್ನೇ ಹೊತ್ತು ಸುಸ್ತಾಗಿತ್ತು, ನಿನ್ನನ್ನು ಎಲ್ಲಿಂದ ಹೊತ್ತೀತು? ಅಂದರೆ ನನಗೆ ಎರಡು ಕೆಲಸ ಒಟ್ಟಿಗೆ ಆಗಬೇಕಿತ್ತು. ಕೊಬ್ಬು ಕರಗಬೇಕು, ಸ್ನಾಯು ಬೆಳೆಯಬೇಕು. ನನ್ನ ಓದೆಲ್ಲ ಕರಪತ್ರದ್ದೇ, ಅಣ್ಣ ಆ ಹೆಸರಿಟ್ಟು ಹಂಗಿಸುವುದರಲ್ಲಿ ತಪ್ಪಿಲ್ಲ. ವ್ಯಾಯಾಮದ ಒಂದು ಕರಪತ್ರದಲ್ಲಿ ಮೊದಲು ಕರಗಿಸು, ಆಮೇಲೆ ಬೆಳೆಸು, ಎರಡೂ ಒಟ್ಟಿಗೆ ಸಾಧ್ಯವಿಲ್ಲ ಎಂದಿತ್ತು. ಅದನ್ನು ಓದಿ ಮೈ ಉರಿಯಿತು. ನಮ್ಮಂಥವರಿಗೆ ಎಲ್ಲ ಕಡೆಯೂ ಹೇಳುವುದು ಇದನ್ನೇ ತಾನೆ? ಕೂಲಿ ಬೇಕೋ ರಜೆ ಬೇಕೋ, ಒಂದನ್ನು ಆರಿಸಿಕೋ. ತಾಯಿ ಬೇಕೋ ನೌಕರಿ ಬೇಕೋ, ಒಂದನ್ನು ಆರಿಸಿಕೋ. ಆರಿಸುವುದಿಲ್ಲ ಎಂದು ಆ ಕಾಗದ ಹರಿದುಹಾಕಿದೆ.

ಹರಿದ ಮಾತ್ರಕ್ಕೆ ಕೊಬ್ಬು ಕರಗುವುದಿಲ್ಲ ಎನ್ನುವುದು ಆಮೇಲೆ ತಿಳಿಯಿತು.

ಟೈರ್ ಅಂಗಡಿಯ ಕೆಳಗೆ ನೆಲಮಾಳಿಗೆಯಲ್ಲಿ ಒಂದು ವ್ಯಾಯಾಮ ಶಾಲೆ ಇದೆ. ನಡೆಸುವವರು ಹಿಂದೆ ಭಾರ ಎತ್ತುವ ಸ್ಪರ್ಧೆಗಳಿಗೆ ಹೋಗುತ್ತಿದ್ದ ಹೆಂಗಸು. ಎಲ್ಲರೂ ಕಬ್ಬಿಣದಕ್ಕ ಎನ್ನುತ್ತಾರೆ. ಅಲ್ಲಿ ರಬ್ಬರಿನ ವಾಸನೆ, ಒಂದೇ ಕಿಟಕಿ, ಅದರಲ್ಲಿ ದಾರಿಹೋಕರ ಚಪ್ಪಲಿ ಮಾತ್ರ ಕಾಣುತ್ತವೆ. ಮೊದಲ ವಾರಗಳಲ್ಲಿ ನಾನೂ ನಿನ್ನ ಹಾಗೇ ಮಾಡಿದೆ. ಅರ್ಧ ಹೊಟ್ಟೆ ಉಂಡು ಇಡೀ ಸಂಜೆ ಕಬ್ಬಿಣ ಎತ್ತಿದೆ. ಒಂದು ದಿನ ಕಣ್ಣು ಕತ್ತಲೆಗಟ್ಟಿ ಕಂಬ ಹಿಡಿದುಕೊಂಡೆ. ಅಕ್ಕ ನೀರು ಕೊಟ್ಟು ಬೈದರು: "ಗೋಡೆ ಕಟ್ಟು ಅಂತೀಯ, ಇಟ್ಟಿಗೆ ಮಾತ್ರ ಕೊಡಲ್ಲ ಅಂತೀಯ. ಮೈ ಏನು ನಿನ್ನ ಗುಲಾಮನಾ? ನೀನೇ ತಾನೆ ಗುಲಾಮಗಿರಿ ಬೇಡ ಅಂತ ಕೂಗೋಳು?" ನಾನು ಅವರ ಮಾತು ಕೇಳಿದೆ. ಹಾಗಾಗುವುದು ಅಪರೂಪ, ನಿನಗೆ ಗೊತ್ತು.

ಅಂದಿನಿಂದ ಸಿಹಿ ಬಿಸ್ಕತ್ತು ಬಿಟ್ಟೆ. ಊಟ ಸ್ವಲ್ಪವೇ ಕಡಿಮೆ, ಆದರೆ ಪ್ರತಿ ಹೊತ್ತಿಗೂ ಮೊಟ್ಟೆಯೋ ಬೇಳೆಯೋ ಇರಲೇಬೇಕು. ಭಾರವನ್ನು ಚೂರುಚೂರೇ ಏರಿಸುವುದು, ಮಧ್ಯೆ ಬಿಡುವು, ಕಣ್ತುಂಬ ನಿದ್ದೆ. ಇಷ್ಟೇ, ಆದರೆ ಇದು ಎಂಥ ನಿಧಾನದ ಕೆಲಸ ಎಂದು ಯಾವ ಕರಪತ್ರವೂ ಬರೆಯುವುದಿಲ್ಲ. ತಿಂಗಳುಗಟ್ಟಲೆ ತೂಕದ ಮುಳ್ಳು ಅಲುಗಲಿಲ್ಲ. ನಾನು ಸೋತೆ ಎಂದುಕೊಂಡೆ. ಒಂದು ದಿನ ಕೆಲಸದ ಪ್ಯಾಂಟು ಸೊಂಟದಿಂದ ಜಾರಿತು, ಅದೇ ಪ್ಯಾಂಟು ತೊಡೆಯ ಹತ್ತಿರ ಬಿಗಿಯಾಗಿತ್ತು. ಮುಳ್ಳು ನಿಂತಲ್ಲೇ ನಿಂತು ಒಳಗೆ ಎಲ್ಲ ಅದಲುಬದಲಾಗಿತ್ತು. ಅದನ್ನು ನಿನಗೆ ಬರೆಯಬೇಕಿತ್ತು. ಬೆಳಿಗ್ಗೆ ಕಿಟಕಿ, ಸಂಜೆ ಕಬ್ಬಿಣ, ಕೋಣೆಗೆ ಬಂದರೆ ಒಗೆಯುವ ಬಟ್ಟೆ. ದಣಿದಿದ್ದೆ ಅಮ್ಮ, ಈಗಲೂ ದಣಿದಿದ್ದೇನೆ. ಲೋಕ ಬದಲಾಯಿಸುತ್ತೇನೆಂದು ಹೊರಟವಳಿಗೆ ಈಗ ಮೆಟ್ಟಿಲು ಇಳಿಯುವಾಗ ಕೈಕಂಬಿ ಬೇಕು.

ಈಗ ನಿನ್ನ ವಿಷಯ. ಕಸರತ್ತು ಮಾಡಿಸಲು ಬರುವ ಹುಡುಗಿ ನರ್ಸ್ ಹತ್ತಿರ ಹೇಳಿದ್ದಾಳೆ: ಮೊದಲು ನೀನು ಮಂಚದ ಸರಳನ್ನು ಒತ್ತಿ ಅರ್ಧ ಏಳುತ್ತಿದ್ದೆ, ಈಗ ನಿನ್ನ ತೋಳು ನಡುಗುತ್ತದೆ. ನೀನು ನಿಜಕ್ಕೂ ಹಗುರಾಗಿದ್ದೀಯ. ಆದರೆ ಮೊದಲು ನಿನ್ನನ್ನು ಒಬ್ಬರೇ ನರ್ಸ್ ಎಬ್ಬಿಸುತ್ತಿದ್ದರು, ಈಗ ಇಬ್ಬರು ಬೇಕು. ಕೊಬ್ಬಿನ ಜೊತೆ ಸ್ನಾಯುವೂ ಹೋಗಿದೆ. ನನ್ನನ್ನು ಎತ್ತಿ ಆಡಿಸಿದವಳು ನೀನು, ನಿನಗೆ ತಿಳಿಯದ್ದೇನಲ್ಲ: ಎಚ್ಚರವಿರುವ ಮಗು ಕುತ್ತಿಗೆ ತಬ್ಬಿಕೊಂಡರೆ ಹೂವು, ಅದೇ ಮಗು ನಿದ್ದೆ ಹೋದರೆ ಕಲ್ಲು. ತೂಕ ಅದೇ. ನೀನು ನನಗೋಸ್ಕರ ನಿದ್ದೆ ಹೋದ ಮಗುವಾಗುತ್ತಿದ್ದೀಯ.

ಅರವತ್ತು ಮಂಚಕ್ಕೆ ನಾಲ್ವರು ನರ್ಸ್‌ಗಳನ್ನಿಟ್ಟ ಆ ಕೇಂದ್ರದ ಮೇಲೆ ನನಗಿರುವ ಸಿಟ್ಟು ಹಾಗೇ ಇದೆ. ಅದಕ್ಕೆ ಬೇರೆ ಕಾಗದ ಬರೆಯುತ್ತೇನೆ. ಆದರೆ ನಿನ್ನ ತಟ್ಟೆ ನಿನ್ನ ಕೈಯಲ್ಲಿದೆ. ಆ ಅಜ್ಜಿ ಕೇಳಿದರೆ ಕೊಡುವುದಿಲ್ಲ ಎನ್ನು. ಕಷ್ಟ, ಗೊತ್ತು. ಜೀವಮಾನವೆಲ್ಲ ಕೊನೆಯಲ್ಲಿ ಉಂಡವಳು ನೀನು. ಅದನ್ನು ತ್ಯಾಗ ಎಂದು ಹೊಗಳಿದ ನಾವೆಲ್ಲ ಹೊಟ್ಟೆ ತುಂಬ ತಿಂದವರು. ನಿನ್ನ ಮೊಟ್ಟೆ ನೀನು ತಿನ್ನು. ಮತ್ತೆ ಸರಳು ಒತ್ತು, ಆ ಹುಡುಗಿ ಹೇಳಿದಷ್ಟು, ಮಾರನೇ ದಿನ ಇನ್ನೊಂದು ಚೂರು. ನಡುಗಿದರೆ ನಡುಗಲಿ. ನನ್ನದೂ ನಡುಗುತ್ತಿತ್ತು.

ಮುಂದಿನ ತಿಂಗಳ ಕೊನೆಗೆ ಮತ್ತೊಮ್ಮೆ ಪರೀಕ್ಷೆಗೆ ಬರುತ್ತೇನೆಂದು ಮೇಲ್ವಿಚಾರಕಿಗೆ ಹೇಳಿದ್ದೇನೆ. ನನ್ನ ಕಡೆಯಿಂದ ಎಲ್ಲ ಸಿದ್ಧ. ಅಣ್ಣನೂ ಬರುತ್ತಾನಂತೆ. ಬರಲಿ, ಬಾಗಿಲು ಹಿಡಿದುಕೊಳ್ಳಲು ಒಬ್ಬರು ಬೇಕು.

ಇಂತಿ, ಸಿಟ್ಟು ಇಳಿದ ಮೇಲೂ ನಿನ್ನವಳೇ,
ಕರಪತ್ರ

ಮರೆತ ಮಾತು: ಎಲ್ಲ ಸಿದ್ಧ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ನಿನ್ನೆ ಕಬ್ಬಿಣದಕ್ಕ ಚಾಪೆಯ ಮೇಲೆ ಮೈ ಸಡಿಲ ಬಿಟ್ಟು ಮಲಗಿ, ಎತ್ತು ನೋಡೋಣ ಎಂದರು. ಮೂರು ಸಲ ಪ್ರಯತ್ನಿಸಿದೆ, ಆಗಲಿಲ್ಲ. ಅಳು ಬಂತು. ಆಗ ಅವರು ಎರಡೂ ಕೈಯಿಂದ ನನ್ನ ಹೆಗಲು ಹಿಡಿದು ಕಾಲೂರಿ, "ಈಗ ಎತ್ತು" ಎಂದರು. ಎತ್ತಿ ಕುರ್ಚಿಗೆ ಕೂರಿಸಿದೆ. ಅವರು ನಿನಗಿಂತ ಭಾರ. ನಿನ್ನನ್ನು ನಾನೊಬ್ಬಳೇ ಎತ್ತುತ್ತೇನೆ ಎಂದು ಇಷ್ಟು ದಿನ ಜಂಬ ಕೊಚ್ಚಿದೆನಲ್ಲ, ಅದು ನನ್ನಿಂದ ಆಗುವುದಿಲ್ಲ ಅಮ್ಮ. ನೀನು ಹಿಡಿದುಕೊಂಡರೆ ಆಗುತ್ತದೆ. ಇವತ್ತು ಮಧ್ಯಾಹ್ನ ನಿನ್ನ ಮೊಟ್ಟೆ ಯಾರ ಹೊಟ್ಟೆ ಸೇರಿತೆಂದು ನರ್ಸ್‌ಗೆ ಫೋನ್ ಮಾಡಿ ಕೇಳಲು ಹೊರಟವಳು, ಧೈರ್ಯ ಸಾಲದೆ ಈ ಪತ್ರ ಬರೆದೆ.