ಬುಟ್ಟಿಯ ತಳದ ಮೀನು

ಗುಬ್ಬಿ
23 ನವೆಂಬರ್ 1980, ಭಾನುವಾರ

ಚಿ. ದಾಕ್ಷಾಯಿಣಿಗೆ ನಿನ್ನ ತಾಯಿಯ ಆಶೀರ್ವಾದ.

ಇಲ್ಲಿ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆ ಎಂದು ಶುರುಮಾಡುವುದು ವಾಡಿಕೆ. ನಿನ್ನ ಕ್ಷೇಮ ಎಂಥದ್ದು ಎಂಬುದು ನಿನ್ನ ಪತ್ರದಲ್ಲೇ ಕಂಡಿತು. ಅಷ್ಟುದ್ದ ಬರೆದಿದ್ದೀಯೆ, ಒಂದು ಕಡೆಯೂ ಜಗಳವಿಲ್ಲ. ನನ್ನೊಡನೆ ವಾದ ಮಾಡದೆ ಒಂದು ಲೋಟ ಹಾಲು ಕುಡಿದವಳಲ್ಲ ನೀನು. ಅಂಥವಳು, ನೀವು ಮಾತು ಕೊಟ್ಟಿದ್ದೀರಿ, ನಿಮ್ಮ ಮಾತು ಉಳಿಯಲಿ, ರಾಜೀನಾಮೆ ಬರೆದಿಟ್ಟಿದ್ದೇನೆ, ನಿಮ್ಮ ಉತ್ತರ ಬಂದ ದಿನ ಕೊಡುತ್ತೇನೆ ಎಂದು ಬರೆದಿದ್ದೀಯೆ. ಓದಿ ನನಗೆ ಸಂತೋಷವಾಗಬೇಕಿತ್ತು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಆಗಲೂ ಆಗಲಿಲ್ಲ.

ನಿನ್ನ ಕೆಲಸ ಕಾಯಂ ಆಗುತ್ತದೆಂದೂ, ಸಂಶೋಧನೆಯ ದೋಣಿಯ ಮೇಲೆ ಕಡಲಿಗೇ ಹೋಗಬೇಕಾಗುತ್ತದೆಂದೂ, ತಿಂಗಳ ಕೊನೆಯೊಳಗೆ ಒಪ್ಪದಿದ್ದರೆ ಅದು ಬೇರೆಯವರಿಗೆ ಹೋಗುತ್ತದೆಂದೂ ನೀನು ಬರೆದದ್ದು ಪತ್ರದ ಮೂಲೆಯಲ್ಲಿ. ಬೆಲೆಬಾಳುವುದನ್ನು ಮೂಲೆಯಲ್ಲಿಡುವ ಅಭ್ಯಾಸ ನಿನಗೆ ನನ್ನಿಂದಲೇ ಬಂದದ್ದು, ಆದ್ದರಿಂದ ಅಲ್ಲಿಗೆ ನನ್ನ ಕಣ್ಣು ಹೋಯಿತು. ಉತ್ತರ ಹೇಳುತ್ತೇನೆ. ಆದರೆ ನನ್ನ ಕ್ರಮದಲ್ಲಿ ಹೇಳುತ್ತೇನೆ. ಕೊನೆಯ ಪುಟಕ್ಕೆ ಹಾರಬೇಡ.

ದಸರೆಯಲ್ಲಿ ಕುಣಿಗಲ್ಲಿನ ಚನ್ನವೀರಯ್ಯನವರ ಮನೆಯವರು ನಿನ್ನನ್ನು ನೋಡಿಕೊಂಡು ಹೋದಾಗ ನೀನು ತಲೆ ಬಗ್ಗಿಸಿ ಕುಳಿತಿದ್ದೆ. ಹುಡುಗ ರೇಣುಕಪ್ರಸಾದ್ ತುಮಕೂರಿನಲ್ಲಿ ಲೆಕ್ಚರರ್, ಮಾತು ಕಡಿಮೆ, ನಡತೆ ಒಳ್ಳೆಯದು. ಮಠಕ್ಕೆ ನಡೆದುಕೊಳ್ಳುವ ಮನೆತನ. ನಾವು ಹೋದಾಗ ಬೆಳ್ಳಿ ತಟ್ಟೆಯಲ್ಲಿ ಫಲಾಹಾರ ಕೊಟ್ಟರು, ಕುರ್ಚಿಗಳಿಗೆಲ್ಲ ಬಿಳಿ ಗೌಸು ತೊಡಿಸಿದ್ದರು. ಹಿರಿಯ ಸೊಸೆಯೂ ಬಿ.ಎಸ್ಸಿ., ಓದಿದ ಹೆಣ್ಣಿಗೆ ನಮ್ಮಲ್ಲಿ ಮರ್ಯಾದೆ ಇದೆ ಎಂದು ಹುಡುಗನ ತಾಯಿ ತಿಪ್ಪಮ್ಮನವರು ಎರಡು ಸಲ ಹೇಳಿದರು. ನಾನು ಅಲ್ಲೇ ಮಾತು ಕೊಟ್ಟೆ. ಹುಡುಗಿಗೆ ಏನು ಕೆಲಸ ಎಂದು ಅವರು ಕೇಳಿದಾಗ, ಮಂಗಳೂರಿನಲ್ಲಿ ಸರ್ಕಾರಿ ಸಂಶೋಧನೆ ಎಂದೆ. ಯಾವುದರ ಸಂಶೋಧನೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಲಿಂಗವಂತರ ಮನೆಯ ಹುಡುಗಿ ದಿನವೂ ಮೀನಿನ ಹೊಟ್ಟೆ ಕೊಯ್ಯುತ್ತಾಳೆ ಎನ್ನುವುದು ಫಲಾಹಾರದ ಮುಂದೆ ಆಡುವ ಮಾತಲ್ಲ.

ಹೋದ ವರ್ಷ ನಾನು ನಿನ್ನಲ್ಲಿಗೆ ಬಂದಿದ್ದ ಸಂಗತಿ ಇಲ್ಲಿ ಯಾರಿಗೂ ಗೊತ್ತಿಲ್ಲ. ಧರ್ಮಸ್ಥಳಕ್ಕೆ ಹೋಗಿದ್ದೆ ಎಂದು ಹೇಳಿದ್ದೇನೆ. ಅದು ಸುಳ್ಳಲ್ಲ, ಹಿಂದಿರುಗುವಾಗ ಹೋಗಿಯೇ ಬಂದೆ. ನೀನು ಬೆಳಿಗ್ಗೆ ಮೀನಿನ ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಹೊರಟಾಗ ನಾನೂ ಬರುತ್ತೇನೆ ಎಂದದ್ದು ನಿನಗೆ ಆಶ್ಚರ್ಯವಾಗಿತ್ತು. ದೋಣಿಗಳು ಬಂದು ನಿಂತಿದ್ದವು. ಸೆರಗಿನಿಂದ ಮೂಗು ಮುಚ್ಚಿಕೊಂಡು ನಾನು ಉಪ್ಪಿನ ಚೀಲಗಳ ಪಕ್ಕದಲ್ಲಿ ನಿಂತೆ. ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂಗುಡೆ ಮೀನಿನ ಬುಟ್ಟಿಯ ಮುಂದೆ ಕುಳಿತೆ. ನಿನ್ನ ಕೊರಳು ಬರಿದಾಗಿತ್ತು. ಅದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ನೀನೂ ನೋಡಿದೆ.

ಆ ಮೀನಿನವಳು ನಿನ್ನನ್ನು ಗದರಿದ್ದು ಇನ್ನೂ ಕಿವಿಯಲ್ಲಿದೆ. "ಮೇಲಿನದ್ದೇ ತಕ್ಕೊಳ್ಳಿ ಅಕ್ಕ, ಒಳ್ಳೆ ದೊಡ್ಡದುಂಟು. ನನ್ನ ಬುಟ್ಟಿ ಯಾಕೆ ಕಲಕುವುದು?" ಎಂದಳು. ನೀನು ನಗುತ್ತ ಮೊಣಕೈವರೆಗೆ ಬುಟ್ಟಿಯೊಳಗೆ ಕೈಯಿಳಿಸಿ ತಳದಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ಮೇಲಿನಿಂದ ಒಂದು ಹಿಡಿ ತೆಗೆದೆ. ತಳದವು ಬೆರಳಿನಷ್ಟೇ ಇದ್ದವು. ನಾನು ಕೇಳಿದ್ದಕ್ಕೆ ನೀನು ಹೇಳಿದ್ದು ಇಷ್ಟು: "ಮೇಲಿರೋದನ್ನ ಯಾರು ಬೇಕಾದ್ರೂ ತೋರಿಸ್ತಾರಮ್ಮ. ಬರೀ ಅದನ್ನ ಅಳೆದ್ರೆ ಕಡಲು ತುಂಬಿದೆ ಅಂತಾನೇ ಬರೀತೀವಿ. ಮರಿಗಳನ್ನೇ ಹಿಡೀತಿದಾರೆ ಅನ್ನೋದು ಅಡೀಲಿ ಗೊತ್ತಾಗೋದು."

ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ನಿಮ್ಮ ತಂದೆ ಹೋದ ಮೇಲೆ ರಾಗಿ ಮಂಡಿಯನ್ನು ನಡೆಸಿದವಳು ನಾನು. ಮೂಟೆ ಚುಚ್ಚುವ ಕಬ್ಬಿಣದ ಕೊಳವೆ ಈಗಲೂ ನನ್ನ ತಲೆದಿಂಬಿನ ಪಕ್ಕದ ಗೂಡಿನಲ್ಲಿದೆ. ಮೂಟೆಯ ಬಾಯಲ್ಲಿ ಕೆಂಪನೆಯ ಹೊಸ ರಾಗಿ, ಹೊಟ್ಟೆಯಲ್ಲಿ ಮುಗ್ಗಲು, ತಳದಲ್ಲಿ ಮರಳು. ಬಾಯಿ ಬಿಚ್ಚಿ ತೋರಿಸುವವರನ್ನು ಕೂರಿಸಿ, ಪಕ್ಕೆಗೆ ಕೊಳವೆ ಚುಚ್ಚಿ, ಅಂಗೈಗೆ ಬಿದ್ದ ಕಾಳು ನೋಡಿ ಬೆಲೆ ಹೇಳಿದವಳು ನಾನು. ನನ್ನ ಮಗಳು ಕಡಲಿಗೆ ಕೊಳವೆ ಚುಚ್ಚುತ್ತಿದ್ದಾಳೆ ಎಂದು ಆ ಧಕ್ಕೆಯ ಮೇಲೆ ಅರ್ಥವಾಯಿತು. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಅದನ್ನು ಒಪ್ಪಿಗೆ ಎಂದುಕೊಳ್ಳುತ್ತಿದ್ದೆ. ಮೀನಿನ ಕಿವಿಯೊಳಗಿನ ಕಲ್ಲನ್ನು, ನುಚ್ಚಕ್ಕಿಯಷ್ಟಿದ್ದದ್ದನ್ನು, ಭೂತಗಾಜಿನ ಕೆಳಗೆ ಇಟ್ಟು ಅದರ ವಯಸ್ಸು ತೋರಿಸಿದೆಯಲ್ಲ, ಮರ ಕೊಯ್ದಾಗ ಕಾಣುವಂಥ ಉಂಗುರಗಳು, ಅದನ್ನು ನೋಡಿಯೂ ನಾನು ಸ್ನಾನ ಮಾಡಬೇಕು ಎಂದಷ್ಟೇ ಅಂದೆ.

ಈಗ ಈ ತಿಂಗಳ ಮಾತಿಗೆ ಬರುತ್ತೇನೆ. ನಿನ್ನ ಪತ್ರ ಓದಿದ ಮೇಲೆ, ಮಾತೂ ಉಳಿದು ನಿನ್ನ ಕೆಲಸವೂ ಉಳಿಯುವ ದಾರಿ ಇದೆಯೇ ಎಂದು ಯೋಚಿಸಿದೆ. ಕುಣಿಗಲ್ಲಿಗೆ ಹತ್ತಿರದ ಮಾರ್ಕೋನಹಳ್ಳಿ ಜಲಾಶಯದಲ್ಲಿ ಮೀನು ಸಾಕುತ್ತಾರೆ, ಅಲ್ಲಿ ನಿನಗೊಂದು ಕೆಲಸ ಸಿಕ್ಕರೆ ಗಂಡನ ಮನೆಯಿಂದಲೇ ಹೋಗಿಬರಬಹುದು ಎಂದು ತೋಚಿತು. ಬುಧವಾರ ಪಕ್ಕದ ಮನೆಯ ಪುಟ್ಟಗಂಗಮ್ಮನಿಗೆ ಮನೆ ಒಪ್ಪಿಸಿ ಬಸ್ಸು ಹತ್ತಿದೆ. ಮೀನಿನ ಕೆಲಸ ಕೇಳಲು ಹೋದ ಮೊದಲ ಲಿಂಗವಂತರ ಮುದುಕಿ ನಾನೇ ಇರಬೇಕು.

ಅಲ್ಲಿ ಲಕ್ಷ್ಮೀನರಸಿಂಹಯ್ಯ ಎನ್ನುವ ಅಧಿಕಾರಿ ಇದ್ದರು. ಕೂರಿಸಿ ಮಜ್ಜಿಗೆ ಕೊಟ್ಟು ಎಲ್ಲ ಕೇಳಿದರು. ನೀನು ಓದಿದ್ದೇನು ಎಂದು ತಿಳಿದ ಮೇಲೆ ತಲೆಯಾಡಿಸಿದರು. "ಇಲ್ಲಿ ನಾವೇ ಮರಿ ಬಿಡ್ತೀವಿ ತಾಯಿ, ನಾವೇ ಹಿಡಿಸ್ತೀವಿ. ಎಷ್ಟು ಬಿಟ್ಟಿದೀವಿ ಅಂತ ನಮಗೆ ಗೊತ್ತು. ಕಡಲಿಗೆ ಯಾರು ಮರಿ ಬಿಟ್ಟವ್ರೆ? ಅಲ್ಲಿ ಏನು ಉಳಿದಿದೆ ಅಂತ ಹೇಳೋಕೆ ನಿಮ್ಮ ಮಗಳಂಥೋರು ಬೇಕು. ಇಲ್ಲಿಗೆ ಕರ್ಕೊಂಡ್ಬಂದು ಏನ್ಮಾಡ್ತೀರಿ?" ಎಂದರು. ಮಜ್ಜಿಗೆ ಕುಡಿದು ಎದ್ದೆ.

ಹಿಂದಿರುಗುವಾಗ ಕುಣಿಗಲ್ಲಿನಲ್ಲಿ ತುಮಕೂರು ಬಸ್ಸಿಗೆ ಇನ್ನೂ ಹೊತ್ತಿತ್ತು. ಬೀಗರಾಗುವವರ ಊರಿಗೆ ಬಂದು ಮುಖ ತೋರಿಸದೆ ಹೋಗುವುದು ಸರಿಯಲ್ಲ ಎಂದು ಅವರ ಮನೆಗೆ ನಡೆದೆ. ಮುಂದಿನ ಪಡಸಾಲೆಯಲ್ಲಿ ಮಠದ ಕಡೆಯ ಗಂಡಸರು ಸಭೆ ಕೂತಿದ್ದರು. ಅವರ ನಡುವೆ ಹಾದುಹೋಗುವುದು ಬೇಡವೆಂದು ಓಣಿಯಿಂದ ಬಳಸಿ ಹಿತ್ತಿಲ ಬಾಗಿಲಿಗೆ ಹೋದೆ. ಅದು ನಾನು ಯೋಚಿಸಿ ಮಾಡಿದ ಕೆಲಸವಲ್ಲ.

ಹಿರಿಯ ಸೊಸೆ ಗಂಗಾಂಬಿಕೆ ಒರಳಿನ ಮುಂದೆ ಕುಳಿತು ರುಬ್ಬುತ್ತಿದ್ದಳು. ದಸರೆಯಲ್ಲಿ ರೇಷ್ಮೆ ಸೀರೆಯುಟ್ಟು ತಟ್ಟೆ ಹಿಡಿದು ಬಂದವಳು ಇವಳೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎದ್ದು ನಮಸ್ಕರಿಸಿ ಮಣೆ ಹಾಕಿದಳು. ಪಕ್ಕದ ಗೋಡೆಗೆ ಇದ್ದಿಲಿನಿಂದ ಏನೋ ಬರೆದಿತ್ತು. ನೋಡಿದರೆ ಬೀಜಗಣಿತದ ಲೆಕ್ಕ. ನಾನೂ ಎಸ್.ಎಸ್.ಎಲ್.ಸಿ. ಪಾಸಾದವಳು, ಗುರುತು ಹತ್ತಿತು. ಯಾರಿಗೆ ಪಾಠ ಎಂದು ಕೇಳಿದೆ. ಯಾರಿಗೂ ಇಲ್ಲ, ರುಬ್ಬುವಾಗ ಸುಮ್ಮನೆ ಎಂದು ನಾಚಿಕೊಂಡು ಒದ್ದೆ ಕೈಯಿಂದ ಅಳಿಸಿಬಿಟ್ಟಳು. ಮದುವೆಗೆ ಮುಂಚೆ ಹೈಸ್ಕೂಲಿನಲ್ಲಿ ಮೇಡಂ ಆಗಿದ್ದಳಂತೆ. ಈಗ ಹೋಗುವುದಿಲ್ಲವೇ ಎಂದೆ.

"ಮದ್ವೆ ಆದ್ಮೇಲೂ ಹೋಗ್ಬೋದು ಅಂದಿದ್ರು. ಮೊದ್ಲು ಹಬ್ಬಕ್ಕೆ ಅಂತ ರಜ ಹಾಕ್ಸಿದ್ರು. ಆಮೇಲೆ ನಾನೇ ಕೇಳೋದು ಬಿಟ್ಟೆ" ಎಂದಳು. ನನ್ನ ಮುಖ ನೋಡಿ, "ಚೆನ್ನಾಗೇ ಇದೀನಿ ಕಣಮ್ಮ. ಇಲ್ಲಿ ಯಾರೂ ಬೈಯೋದಿಲ್ಲ" ಎಂದು ಸೇರಿಸಿದಳು.

ಅವರು ಬೈದಿದ್ದರೆ, ಹೊಡೆದಿದ್ದರೆ, ಇವಳು ಕಣ್ಣೀರು ಹಾಕಿದ್ದರೆ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲ. ಅವಳ ದನಿಯಲ್ಲಿ ದೂರೇ ಇರಲಿಲ್ಲ ದಾಕ್ಷಿ. ನಿನ್ನ ಪತ್ರದ ದನಿ ಅದು. ಜಗಳ ಮುಗಿಸಿಕೊಂಡವರ ದನಿ.

ಅಷ್ಟರಲ್ಲಿ ತಿಪ್ಪಮ್ಮನವರು ಬಂದು, "ಇದೇನು ಬೀಗಿತ್ತಿ, ಹಿತ್ಲಿಂದ ಬಂದ್ರಿ? ಮಗಳ್ನೂ ಹಿಂಗೇ ಕಳಿಸ್ಬಿಟ್ಟೀರಿ" ಎಂದು ನಕ್ಕರು. ಒಳಗೆ ಕರೆದು ಕಾಫಿ ಕೊಟ್ಟರು. ಲೋಟ ಕೆಳಗಿಟ್ಟು ನಾನೇ ಮಾತು ತೆಗೆದೆ. ನನ್ನ ಮಗಳ ಕೆಲಸ ಮೀನಿನದು, ದಿನವೂ ಧಕ್ಕೆಗೆ ಹೋಗಿ ಮೀನು ಅಳೆಯುತ್ತಾಳೆ, ತೂಗುತ್ತಾಳೆ, ಹೊಟ್ಟೆ ಕೊಯ್ದು ಮೊಟ್ಟೆ ಇದೆಯೇ ನೋಡುತ್ತಾಳೆ ಎಂದು ಒಂದೊಂದಾಗಿ ಹೇಳಿದೆ. ತಿಪ್ಪಮ್ಮನವರು ಖಾಲಿ ಲೋಟ ಎತ್ತಿ ಪಕ್ಕಕ್ಕಿಟ್ಟರು. ಸಿಟ್ಟಾಗುತ್ತಾರೆ, ಸಂಬಂಧ ಮುರಿಯುತ್ತಾರೆ ಎಂದು ಕಾಯುತ್ತಿದ್ದೆ. ಅವರು ನನ್ನ ಕೈ ಹಿಡಿದು ಸಮಾಧಾನ ಮಾಡಿದರು.

"ಹೋಗ್ಲಿ ಬಿಡಿ. ತಿಳೀದೆ ಓದ್ಬಿಟ್ಟವ್ಳೆ. ಮದ್ವೆ ಆದ್ಮೇಲೆ ಅದ್ಯಾವ್ದೂ ಇರಲ್ವಲ್ಲ. ಅಯ್ಯನೋರ್ನ ಕರೆಸಿ ಶುದ್ಧಿ ಮಾಡಿಸ್ಬಿಟ್ರೆ ಆಯ್ತು, ಯಾರಿಗೂ ಹೇಳೋದು ಬ್ಯಾಡ."

ಅವರು ಕ್ಷಮಿಸಿದರು. ನನಗೆ ತಡೆಯಲಾಗದ್ದು ಅದೇ. ನನ್ನ ಕೈಯನ್ನು ಬಿಡಿಸಿಕೊಂಡು ಹೇಳಿದೆ: "ನನ್ನ ಮಗಳನ್ನ ಶುದ್ಧಿ ಮಾಡೋಷ್ಟು ನೀರು ನಿಮ್ಮ ಕುಣಿಗಲ್ ಕೆರೇಲಿ ಇಲ್ಲ ತಿಪ್ಪಮ್ಮನೋರೇ. ಅವಳಿಗೆ ಅದು ಬೇಕಾಗೂ ಇಲ್ಲ."

ಬರುವಾಗ ಪಡಸಾಲೆಯ ಗಂಡಸರ ನಡುವೆಯೇ ನಡೆದು ಮುಂಬಾಗಿಲಿನಿಂದ ಆಚೆಗೆ ಬಂದೆ. ಗಂಗಾಂಬಿಕೆ ನಡುಮನೆಯ ಬಾಗಿಲಿನಲ್ಲಿ ನಿಂತಿದ್ದಳು. ಬರುತ್ತೇನಮ್ಮ ಎಂದು ಅವಳಿಗೆ ಮಾತ್ರ ಹೇಳಿದೆ.

ಜೀವಮಾನವಿಡೀ ಚುಚ್ಚಿ ನೋಡದೆ ಒಂದು ಮೂಟೆ ಕೊಳ್ಳದವಳು, ಮಗಳ ವಿಷಯದಲ್ಲಿ ಬಾಯಿ ನೋಡಿ ಬೆಲೆ ಹೇಳಿಬಿಟ್ಟಿದ್ದೆ. ಮಂಡಿಯಲ್ಲಿ ಹೀಗಾದರೆ ಮೂಟೆ ಹಿಂದಿರುಗಿಸುತ್ತೇವೆ. ಹಿಂದಿರುಗಿಸಿದೆ. ಊರಿನವರು ಶಿವರುದ್ರಮ್ಮ ಮಾತಿಗೆ ತಪ್ಪಿದಳು ಎನ್ನುತ್ತಾರೆ. ಎದುರಿಗೆ ಬಂದು ಅನ್ನುವವರು ಇನ್ನೂ ಯಾರೂ ಸಿಕ್ಕಿಲ್ಲ.

ನಿನ್ನೆ ರೇಣುಕಪ್ರಸಾದ್ ಒಬ್ಬನೇ ಬಂದಿದ್ದ. ಅವನ ತಾಯಿ ಹೇಳಿದ್ದನ್ನೆಲ್ಲ ತಿಳಿದಿದ್ದ. ಕ್ಷಮೆ ಕೇಳಿದ, ತಾಯಿಯನ್ನು ಒಪ್ಪಿಸುತ್ತೇನೆ ಎಂದ. ನಿಮ್ಮ ಅತ್ತಿಗೆಯ ಕೆಲಸ ಬಿಡಿಸಿದಾಗ ಏನು ಹೇಳಿದ್ದೆ ಎಂದು ಕೇಳಿದೆ. ಏನೂ ಹೇಳಿರಲಿಲ್ಲ ಎಂದು ಒಪ್ಪಿಕೊಂಡ. ಸುಳ್ಳು ಹೇಳಲಿಲ್ಲ, ಅಷ್ಟು ಒಳ್ಳೆಯದು. ಮೊದಲು ನಿಮ್ಮ ಮನೆಯ ಹಿತ್ತಿಲಿಗೆ ಹೋಗಿ ಆ ಹೆಣ್ಣುಮಗಳನ್ನು ಶಾಲೆಗೆ ಕಳಿಸು, ಆಮೇಲೆ ಬೇಕಾದರೆ ಮಂಗಳೂರಿಗೆ ಹೋಗಿ ದೋಣಿ ಬರುವ ಹೊತ್ತಿಗೆ ಧಕ್ಕೆಯ ಮೇಲೆ ನಿಂತು ನೋಡು ಎಂದೆ. ಬಂದರೂ ಬರಬಹುದು, ಬಾರದಿದ್ದರೂ ನಷ್ಟವಿಲ್ಲ. ಬಂದರೆ ಏನು ಮಾಡಬೇಕೆಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ.

ಇನ್ನು ನನ್ನ ಉತ್ತರ. ರಾಜೀನಾಮೆಯನ್ನು ಹರಿದುಹಾಕು. ಒಲೆಗೆ ಹಾಕಬೇಡ, ಕಾಗದ ಸುಟ್ಟ ಹೊಗೆ ನಿನಗೆ ಕೆಮ್ಮು ತರುತ್ತದೆ. ಕೆಲಸ ಒಪ್ಪಿಕೊಂಡೆ ಎಂದು ಈ ಪತ್ರ ಸಿಕ್ಕ ದಿನವೇ ಬರೆದುಕೊಡು. ದೋಣಿಯ ಮೇಲೆ ಹೋಗುವಾಗ ತಲೆಗೆ ಬಟ್ಟೆ ಕಟ್ಟಿಕೊ. ನಾನು ಮೀನನ್ನು ಒಪ್ಪಿಕೊಂಡೆ ಎಂದು ತಿಳಿಯಬೇಡ, ಆ ವಾಸನೆ ನನಗೆ ಈ ಜನ್ಮದಲ್ಲಿ ಆಗುವುದಿಲ್ಲ. ಮುಂದಿನ ಪತ್ರದಲ್ಲಿ ಜಗಳವಾಡು. ಇಲ್ಲದಿದ್ದರೆ ಓದುವುದಿಲ್ಲ.

ನಿನ್ನ ತಾಯಿ,
ಶಿವರುದ್ರಮ್ಮ

ಮರೆತ ಮಾತು: ನೀನು ಮಂಗಳೂರಿಗೆ ಹೊರಟ ದಿನ, ಈ ಕೈಗಳಿಂದ ಇನ್ನು ಮುಟ್ಟಬಾರದೇನೋ ಎಂದು ಕೊರಳಿನಿಂದ ತೆಗೆದು ದೇವರಕೋಣೆಯ ಗೂಡಿನಲ್ಲಿಟ್ಟು ಹೋದೆಯಲ್ಲ, ಆ ಬೆಳ್ಳಿ ಕರಡಿಗೆ, ಅದರೊಳಗಿನ ನಿನ್ನ ಇಷ್ಟಲಿಂಗ, ಒಂದು ದಿನವೂ ಪೂಜೆಯಿಲ್ಲದೆ ಉಳಿದಿಲ್ಲ. ನನ್ನದರ ಜೊತೆಗೆ ಅದಕ್ಕೂ ನೀರು ಹಾಕಿದ್ದೇನೆ. ಅದನ್ನು ಟಪಾಲಿನಲ್ಲಿ ಕಳಿಸುವಂತಿಲ್ಲ. ಅಮಾವಾಸ್ಯೆ ಕಳೆದ ಮೇಲೆ ನಾನೇ ತರುತ್ತೇನೆ. ಹೊಸ ದಾರ ಹಾಕಿಸಿದ್ದೇನೆ, ಉಪ್ಪುನೀರಿಗೆ ಬೇಗ ಹಾಳಾಗದಂಥದ್ದು. ಕೆಲಸ ಬಿಟ್ಟು ಬಸ್ ಸ್ಟ್ಯಾಂಡಿಗೆ ಬರಬೇಡ. ಧಕ್ಕೆಯ ದಾರಿ ನನಗೆ ಗೊತ್ತು.