ಸೊಲ್ಲೆತ್ತದ ಹೆರಿಗೆ

ಥಾರ್ನ್‌ಹಿಲ್,
11 ನವೆಂಬರ್ 2024

ಪ್ರೀತಿಯ ದಾನಕ್ಕನಿಗೆ,

ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಆಶಾ ಕಾರ್ಯಕರ್ತೆಯೆಂದು ಗುಲಾಬಿ ಸೀರೆ ಉಟ್ಟು ನಾಲ್ಕು ಊರಿನ ಬಸುರಿಯರ ಬಾಗಿಲು ತಟ್ಟುತ್ತೀಯ, ನಿನ್ನ ಕಾಲಿಗೆ ಎಣ್ಣೆ ಹಚ್ಚುವವರು ಮಾತ್ರ ಯಾರೂ ಇಲ್ಲ. ಅವ್ವ ಕಳಿಸಿದ ಅಂಟಿನ ಉಂಡಿ ಮುಟ್ಟಿವೆ. ಅರ್ಧ ಪುಡಿಯಾಗಿತ್ತು, ಚಮಚದಲ್ಲಿ ತಿಂದೆ. ಅಕ್ಷರಾಗೆ ನಾಳೆ ನಾಲ್ಕು ತಿಂಗಳು ತುಂಬುತ್ತದೆ. ಮೂಗು ನಿನ್ನದೇ, ಸಿಟ್ಟೂ ನಿನ್ನದೇ. ವಾಟ್ಸಾಪ್ ಇರುವಾಗ ಇವಳಿಗೇಕೆ ಕಾಗದದ ಹುಚ್ಚು ಎಂದು ನಗಬೇಡ. ಫೋನಿನಲ್ಲಿ ನಿನ್ನ ಮುಖ ಕಂಡರೆ "ಆರಾಮದೀನಿ" ಎಂದುಬಿಡುತ್ತೇನೆ.

ನಮ್ಮವರು ಬೆಳಿಗ್ಗೆ ಆರಕ್ಕೆ ಶಿಫ್ಟಿಗೆ ಹೋದರೆ ಬೇಸ್‌ಮೆಂಟಿನಲ್ಲಿ ನಾನು, ಕೂಸು ಇಬ್ಬರೇ. ಕಿಟಕಿ ನೆಲಮಟ್ಟಕ್ಕಿದೆ. ಹೋಗಿಬರುವವರ ಬೂಟು ಕಾಣುತ್ತವೆ, ಮುಖ ಕಾಣುವುದಿಲ್ಲ. ಅವ್ವನ ವೀಸಾ ಬರದೆ ಬಾಣಂತಿಗೆ ನೀರು ಹಾಕುವವರೂ ಇಲ್ಲದಂತಾಯಿತು. ನಾನೇ ಬೆನ್ನಿಗೆ ಮಗ್ಗಿನಲ್ಲಿ ನೀರು ಹುಯ್ದುಕೊಂಡು ಎಷ್ಟೋ ದಿನ ಅತ್ತಿದ್ದೇನೆ.

ಹೆರಿಗೆಯ ದಿನದ ಮಾತನ್ನು ನಿನಗೆ ಪೂರ್ತಿ ಹೇಳಿಲ್ಲ. ಅವ್ವ ನಮಗೆ ಕಲಿಸಿದ್ದು ಗೊತ್ತಲ್ಲ: "ಬ್ಯಾನಿ ಬಂದ್ರ ಸೆರಗ ಕಚ್ಚು, ಸೊಲ್ಲ ಎತ್ತಬ್ಯಾಡ." ಸೆರಗಿರಲಿಲ್ಲ, ದಿಂಬಿನ ಕವರು ಕಚ್ಚಿದೆ. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ನರ್ಸು ಕೇಳಿದಾಗಲೆಲ್ಲ ಮೂರು ಎಂದೆ. ಹೆಚ್ಚು ಹೇಳಿದರೆ ಸೋಗು ಎಂದಾರು ಎಂಬ ಸಂಕೋಚ. ಇಂಡಿಯಾದ ಹೆಂಗಸರು ಬಹಳ ಗಟ್ಟಿ ಎಂದು ಆಕೆ ಮೆಚ್ಚಿದಳು. ನಾನು ಪೆದ್ದಿ, ಹಿಗ್ಗಿದೆ. ಹೆರಿಗೆಯಾಗಿ ವಾರ್ಡಿಗೆ ತಂದಾಗ ಪರದೆಯಾಚೆ ಘಾನಾದ ಅಬೆನಾ ಇದ್ದಳು, ಹಿಂದಿನ ದಿನ ಸಿಜೇರಿಯನ್ ಆದವಳು. ನೋವಿಗೆ ಅವಳು ಕೂಗಿದರೆ, ಈ ಕಪ್ಪು ಹೆಂಗಸರದು ಯಾವಾಗಲೂ ಇದೇ ಗಲಾಟೆ ಎಂದು ನರ್ಸುಗಳು ಗೊಣಗಿ ಹೋಗುತ್ತಿದ್ದರು. ಕೂಗಿದವಳದು ನಾಟಕ, ಕೂಗದವಳಿಗೆ ನೋವೇ ಇಲ್ಲ. ಮೈಬಣ್ಣ ನೋಡಿಯೇ ತೀರ್ಮಾನ ಮಾಡಿದ್ದರು.

ಮಧ್ಯಾಹ್ನ ನಮ್ಮವರು ಬಟ್ಟೆ ತರಲು ಮನೆಗೆ ಹೋಗಿದ್ದರು. ನನಗೆ ರಕ್ತ ಹೋಗುತ್ತಲೇ ಇತ್ತು. ನರ್ಸುಗಳಿಗೇಕೆ ತೊಂದರೆ ಎಂದು ಬೆಲ್ ಒತ್ತದೆ ಮಲಗಿದ್ದೆ. ನೆಲಕ್ಕೆ ತೊಟ್ಟಿಕ್ಕಿದ್ದು ಪರದೆಯ ಕೆಳಗಿನಿಂದ ಅಬೆನಾಗೆ ಕಂಡಿತು. ಹಸಿ ಹೊಲಿಗೆಯ ಹೊಟ್ಟೆ ಹಿಡಿದುಕೊಂಡು ಕಾರಿಡಾರಿಗೆ ಹೋಗಿ ಕಿರುಚಿದಳು. ಮೊದಲು ಅವಳನ್ನೇ ಗದರಿದರಂತೆ, ಆಮೇಲೆ ನನ್ನ ಮಂಚದ ಕಡೆ ಓಡಿ ಬಂದರು.

ಈಗ ಅಬೆನಾಳೂ ಸೇರಿ ನಾವು ಹನ್ನೊಂದು ಜನ ತಾಯಂದಿರು ಬುಧವಾರ ಲೈಬ್ರರಿಯ ಕೋಣೆಯಲ್ಲಿ ಸೇರುತ್ತೇವೆ. ದಿಕ್ಕಿಲ್ಲದ ಬಸುರಿಯರ ಜೊತೆ ಆಸ್ಪತ್ರೆಯಲ್ಲಿ ಕೂರುತ್ತೇವೆ. ಕಾಲು ಗಂಟೆಗೊಮ್ಮೆ ಬಾಣಂತಿಯ ಸೊಂಟದ ಕೆಳಗೆ ಕೈಯಿಟ್ಟು ಒದ್ದೆ ನೋಡುವ ನಿನ್ನ ರೂಢಿಯನ್ನು ಅವರಿಗೂ ಕಲಿಸಿದೆ. ಜಾತಿ ಕೇಳಿ ಬಾಣಂತಿಯನ್ನು ಮುಟ್ಟದ ಆಯಾಳ ಜೊತೆ ನೀನು ಜಗಳಾಡಿದ್ದನ್ನು ಹೇಳಿದಾಗ ಅಬೆನಾ, ನಿನ್ನ ಅಕ್ಕ ನಮಗೂ ಅಕ್ಕ ಎಂದಳು. ನಿನ್ನ ಫೋಟೊ ಗೋಡೆಯ ಮೇಲಿದೆ, ಜಂಬಪಡಬೇಡ. ನೈರೋಬಿಯ ಸೂಲಗಿತ್ತಿಯೊಬ್ಬಳು ವಿಡಿಯೊದಲ್ಲಿ ಸೇರುತ್ತಾಳೆ, ನೀನೂ ಸೇರು. ಬುಧವಾರ ಹೀಗೆ ಕಳೆಯುತ್ತದೆ. ಉಳಿದ ದಿನ ಕನ್ನಡದಲ್ಲಿ ಅಳಲು ಯಾರೂ ಸಿಗುವುದಿಲ್ಲ, ಅಕ್ಕಾ.

ಅಪ್ಪ, ಅವ್ವನಿಗೆ ಶರಣು. ನಿನ್ನ ಮಕ್ಕಳಿಗೆ ಮುತ್ತು. ಮೊಣಕಾಲಿಗೆ ಉಪ್ಪಿನ ಶಾಖ ಕೊಟ್ಟುಕೋ.

ನಿನ್ನ ತಂಗಿ,
ತೃಪ್ತಿ

ತಾ.ಕ.: ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಆ ದಿನ ರಕ್ತ ನಿಲ್ಲದೆ ನನ್ನ ಗರ್ಭಕೋಶ ತೆಗೆದರು. ಇನ್ನು ನನಗೆ ಮಕ್ಕಳಾಗುವುದಿಲ್ಲ. ಅವ್ವ ಪ್ರತಿ ಫೋನಿಗೂ "ಮುಂದಿಂದು ಗಂಡಾಗ್ಲಿ" ಅನ್ನುತ್ತಾಳೆ, ನಾನು ಹೂಂ ಅನ್ನುತ್ತೇನೆ. ಮುಂದಿನ ತಿಂಗಳು ಆಸ್ಪತ್ರೆಯ ದೊಡ್ಡವರ ಎದುರು ಎದ್ದು ನಿಂತು ಇದನ್ನು ಹೇಳಲಿದ್ದೇನೆ. ಅವರಿಗಿಂತ ಮೊದಲು ನಿನಗೆ ಗೊತ್ತಾಗಬೇಕು. ಅವ್ವನಿಗೆ ನೀನೇ ಹೇಳು. ನೋಡಬೇಕಾದವರು ನೋಡಲಿಲ್ಲ ಎಂದಷ್ಟೇ ಹೇಳು. ನಾನು ಬಾಯಿ ಮುಚ್ಚಿಕೊಂಡು ಮಲಗಿದ್ದೆ ಎಂದು ಮಾತ್ರ ಅವಳಿಗೆ ಹೇಳಬೇಡ.